ಹಂದಿಮರಿಗಳ ಹಿಟ್ಟಿನ ವಿಷಯದಲ್ಲಿ ನಾನು ಹೇಳಿದ ಸುಳ್ಳು

ಮಾನ್ಯ ಹಂದಿ ಸಾಕಣೆ ಯೋಜನೆಯ ಅಧಿಕಾರಿಗಳೇ,

ನೀವು ಹಾಲು ಬಿಟ್ಟ ಹಂದಿಮರಿಗಳಿಗೆಂದು ಹಂಚುತ್ತಿರುವ ಸೋಯಾ ಹಿಟ್ಟನ್ನು ತಿಂದು ಮರಿಗಳು ಸಾಯುತ್ತಿವೆ. ಅದೇ ಹಿಟ್ಟಿನಿಂದ ಮರಿಗಳು ದುಂಡಗಾದವು ಎಂದು ಸಾರುವ ನಿಮ್ಮ ಕರಪತ್ರದಲ್ಲಿ ಮರಿ ಎತ್ತಿಕೊಂಡು ನಿಂತವಳು ನಾನೇ. ಬರುವ ಗುರುವಾರ ಬೈಂದೂರಿನಲ್ಲಿ ಇನ್ನೂ ನಲವತ್ತು ಮನೆಗಳಿಗೆ ಆ ಚೀಲ ಕೊಡುತ್ತೀರಂತೆ. ಕಚೇರಿಗೆ ಬಂದು ಹೇಳಬಹುದಿತ್ತಲ್ಲ ಎನ್ನಬೇಡಿ. ಈ ವಾರ ಮೂರು ಸಲ ಬಂದೆ, ಮೂರು ಸಲವೂ ತಾವು ಮೀಟಿಂಗಿನಲ್ಲಿದ್ದಿರಿ.

ನನ್ನ ಮನೆ ತೆಕ್ಕಟ್ಟೆ. ನಮ್ಮವರೆಲ್ಲ ಮುಂಬಯಿಯಲ್ಲಿ ಹೋಟೆಲು ಇಟ್ಟರು, ನೀನು ಹಂದಿ ಇಟ್ಟೆಯಾ ಎಂದು ನೆಂಟರು ನಕ್ಕರೂ ನಾನು ಹಿಂದೆ ಸರಿಯಲಿಲ್ಲ. ನಿಮ್ಮ ಯೋಜನೆಯ ಹೆಣ್ಣು ಹಂದಿ ಹನ್ನೊಂದು ಮರಿ ಹಾಕಿತು. ಜೊತೆಗೆ ನಿಮ್ಮ ಷರತ್ತೂ ಬಂತು: ಇಲಾಖೆಯ ಸಸ್ಯಜನ್ಯ ಪ್ರೋಟೀನ್ ಮಾತ್ರ ಹಾಕತಕ್ಕದ್ದು, ತಣ್ಣೀರಿನಲ್ಲಿ ಕಲಸತಕ್ಕದ್ದು, ಬೇಯಿಸತಕ್ಕದ್ದಲ್ಲ, ಮೀನಿನ ಪುಡಿ ಸೋಕಿಸತಕ್ಕದ್ದಲ್ಲ. ಮೀರಿದರೆ ಹಂದಿಯನ್ನೂ ಮರಿಗಳನ್ನೂ ವಾಪಸು ಒಯ್ಯಲಾಗುವುದು. ಆಹಾ, ಹಂದಿಗೂ ಮಡಿ! ಸೋಮವಾರ ಮೀನು ಬಿಡುವವರು ನಾವು ಸ್ವಾಮಿ, ಹಂದಿಯಲ್ಲ. ಇರಲಿ, ಗಿಡದಲ್ಲಿ ಬೆಳೆದ ಪ್ರೋಟೀನಿನ ಮೇಲೆ ನನಗೇನೂ ಹಗೆಯಿಲ್ಲ. ಹುರುಳಿಯೂ ಗಿಡದ್ದೇ, ಅದನ್ನು ತಿಂದೇ ನಮ್ಮ ಊರಿನ ಕಂಬಳದ ಕೋಣಗಳು ಕೆಸರು ಹಾರಿಸುವುದು. ಆದರೆ ಹಸಿ ಹುರುಳಿಯನ್ನು ಯಾವ ತಲೆ ಸರಿಯಿದ್ದವನೂ ಕೋಣದ ಮುಂದೆ ಸುರಿಯುವುದಿಲ್ಲ.

ನಿಮ್ಮ ಹಿಟ್ಟು ಹಸಿ ಕಾಳಿನ ವಾಸನೆ ಹೊಡೆಯುತ್ತಿತ್ತು. ಓದಿದವರು ಬರೆದಿದ್ದಾರೆ, ಸರಿಯೇ ಇರಬೇಕು ಎಂದು ಬರೆದ ಹಾಗೆಯೇ ಹಾಕಿದೆ. ಮೂರನೆಯ ದಿನ ಭೇದಿ ಶುರುವಾಯಿತು, ವಾರದೊಳಗೆ ಏಳು ಮರಿ ಹೋದವು. ಕೊನೆಯದು ನನ್ನ ಮಡಿಲಲ್ಲೇ ನಡುಗಿ ನಡುಗಿ ಸತ್ತಿತು. ಹಂದಿಗೆ ಅಳುತ್ತಾರಾ ಎಂದು ಕೇಳುವವರಿಗೆ ಹೇಳುತ್ತೇನೆ, ನಾನು ಅತ್ತೆ. ನಿಮ್ಮ ಸಹಾಯವಾಣಿಗೆ ಫೋನು ಮಾಡಿದರೆ ‘ಹಿಟ್ಟು ಸರಿಯಾಗಿದೆ, ನೀವು ತಟ್ಟೆ ತೊಳೆಯುವುದು ಸರಿಯಿಲ್ಲ’ ಎಂಬ ಉತ್ತರ ಬಂತು.

ಹಿಂದೆ ನಮ್ಮ ಮನೆಯ ಕೋಣಗಳನ್ನು ನೋಡಿಕೊಳ್ಳುತ್ತಿದ್ದ ಮಂಜಯ್ಯ ಹಿಟ್ಟನ್ನು ಮೂಸಿ ನನಗೇ ಬೈದ. “ಹ್ವಾಯ್, ಹಸಿ ಕಾಳ್ ತಿಂದ್ರೆ ಮನ್ಷ್ರಿಗೇ ಹೊಟ್ಟಿ ತಡುದಿಲ್ಲೆ. ಇದ್ ಮರಿ ಅಲ್ದಾ? ಬೇಯ್ಸಿ ಹಾಕಿ ಕಾಣಿ!” ಅವತ್ತೇ ಹಂಡೆ ಒಲೆಗೇರಿತು. ಉಳಿದ ನಾಲ್ಕು ಮರಿಗಳ ಭೇದಿ ನಿಂತಿತು, ತಟ್ಟೆ ನೆಕ್ಕತೊಡಗಿದವು. ಅಷ್ಟರಲ್ಲಿ ನಿಮ್ಮ ಮೇಲ್ವಿಚಾರಕರು ಬಂದರು.

“ಎಂತ ಅಮ್ಮ, ಇಷ್ಟ್ ದೊಡ್ಡ ಹಂಡಿ?”

“ಕೋಣಕ್ಕೆ ಹುರುಳಿ,” ಎಂದುಬಿಟ್ಟೆ.

“ಕಂಬಳದ್ದಾ?” ಎಂದು ಅವರು ಚಪ್ಪಲಿ ಕಳಚಿ ಹಂಡೆಗೆ ಕೈಮುಗಿದರು. ನಮ್ಮ ಹಟ್ಟಿಯಲ್ಲಿ ಕೋಣ ಕಟ್ಟದೆ ಹದಿನೈದು ವರ್ಷವಾಯಿತು. ಅವರು ಹಟ್ಟಿಗೆ ಇಣುಕಲಿಲ್ಲ. ನಾಲ್ಕು ಮರಿ ನೋಡಿ ಖುಷಿಪಟ್ಟರು, ‘ಸೂಚನೆಯಂತೆಯೇ ಹಿಟ್ಟು ಹಾಕಿದ್ದೇನೆ’ ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡರು, ಫೋಟೊ ತೆಗೆದರು. ಸತ್ತ ಏಳಕ್ಕೆ ಆ ಕಾಗದದಲ್ಲಿ ಜಾಗವೇ ಇರಲಿಲ್ಲ. ಬಾಯಿ ಬಿಟ್ಟರೆ ನಾಲ್ಕೂ ಹೋಗುತ್ತವೆ ಎಂದು ಹೆದರಿ ಸುಮ್ಮನಾದೆ.

ಕಳೆದ ವಾರ ಶಂಕರನಾರಾಯಣ ಊರಿನ ಸೀತು ಎಂಬ ಹೆಂಗಸು ಫೋನು ಮಾಡಿದಳು. ಗುರುತಿನವಳಲ್ಲ, ಕರಪತ್ರದಿಂದ ನನ್ನ ಹೆಸರು ಹಿಡಿದು ನಂಬರು ಹುಡುಕಿದ್ದಳು. “ಅಕ್ಕಾ, ನಿಮ್ಮ್ ಫೋಟೊ ಕಂಡೇ ನಾನ್ ಹಿಟ್ಟ್ ಹಾಕದ್ದ್. ಎಂಟರಗೆ ಐದ್ ಸತ್ತ್ ಹೋಯ್ತ್. ನಾನ್ ಎಂತ ತಪ್ಪ್ ಮಾಡ್ದೆ ಹೇಳಿ!”

ನಾನು ಏನು ಹೇಳಿದೆ ಗೊತ್ತೇ? “ತಟ್ಟಿ ಸರಿ ತೊಳಿ ಮಾರಾಯ್ತಿ,” ಎಂದೆ. ನಿಮ್ಮ ಮಾತೇ ನನ್ನ ಬಾಯಿಂದ ಬಂತು.

ಈಗ ನೀವೇ ಹೇಳಿ, ನಾನು ಎಲ್ಲಿಗೆ ಹೋಗಲಿ? ನಿಯಮ ಪಾಲಿಸಿದರೆ ಮರಿ ಸಾಯುತ್ತದೆ. ನಿಯಮ ಮುರಿದು ಉಳಿಸಿಕೊಂಡರೆ ಬದುಕಿದ ಮರಿಯೇ ನಿಮ್ಮ ನಿಯಮಕ್ಕೆ ಸಾಕ್ಷಿಯಾಗುತ್ತದೆ. ನಿಜ ಹೇಳಿದರೆ ನಾನು ಅಪರಾಧಿ, ಹೇಳದಿದ್ದರೆ ಬೈಂದೂರಿನ ನಲವತ್ತು ಹಟ್ಟಿಗಳಲ್ಲಿ ಗುಂಡಿ ತೋಡಬೇಕು. ಅತ್ತ ದರಿ, ಇತ್ತ ಪುಲಿ ಎನ್ನುತ್ತಾರಲ್ಲ, ನನಗೆ ಎರಡೂ ಕಡೆ ಇಲಾಖೆಯೇ ನಿಂತಿದೆ.

ಇವತ್ತು ಬೆಳಿಗ್ಗೆ ಸೀತುವಿಗೆ ನಾನೇ ಫೋನು ಮಾಡಿ ನಿಜ ಹೇಳಿದೆ. ಅಷ್ಟರಲ್ಲಿ ಅವಳ ಬಳಿ ಒಂದೇ ಮರಿ ಉಳಿದಿತ್ತು. ಅವಳು ಬೈಯಲಿಲ್ಲ; ಬೈದಿದ್ದರೆ ಒಳ್ಳೆಯದಿತ್ತು. “ಬೇಯ್ಸಿದ್ರೆ ಲಿಸ್ಟಿಂದ ನನ್ ಹೆಸ್ರ್ ತೆಗಿತ್ರಾ ಅಕ್ಕಾ?” ಎಂದು ಕೇಳಿದಳು. ಸಾಯುತ್ತಿರುವ ಮರಿ ಎದುರಿಗಿರುವಾಗಲೂ ಅವಳು ಒಲೆ ಹಚ್ಚಲಿಲ್ಲ, ನಿಮ್ಮ ಅಪ್ಪಣೆಗೆ ಕಾಯುತ್ತಿದ್ದಾಳೆ.

ಆದ್ದರಿಂದ ಗುರುವಾರದ ಹಂಚಿಕೆ ನಿಲ್ಲಿಸಿ, ಹಿಟ್ಟನ್ನು ಪರೀಕ್ಷೆಗೆ ಕಳಿಸಿ, ನನ್ನ ಫೋಟೊ ಹಿಂತೆಗೆದುಕೊಳ್ಳಿ. ನನ್ನ ಮೇಲೆ ಏನು ಕ್ರಮ ಬೇಕೋ ಕೈಗೊಳ್ಳಿ, ನಾಲ್ಕು ಮರಿಗಳನ್ನೂ ಒಯ್ಯಿರಿ, ಅಡ್ಡ ಬರುವುದಿಲ್ಲ. ಆದರೆ ಅದಕ್ಕೂ ಮೊದಲು, ಇವತ್ತೇ, ಸೀತುವಿಗೆ ಒಂದು ಫೋನು ಮಾಡಿ ‘ಬೇಯಿಸಿ ಹಾಕಮ್ಮ’ ಎಂದು ಹೇಳಿ. ನನ್ನ ಮಾತನ್ನು ಅವಳು ಇನ್ನು ನಂಬುವುದಿಲ್ಲ.

ಇಂತಿ,
ಸುಳ್ಳು ಹೇಳಿ ನಾಲ್ಕು ಮರಿ ಉಳಿಸಿಕೊಂಡ,
ಅಮ್ಮಣ್ಣಿ ಶೆಡ್ತಿ, ತೆಕ್ಕಟ್ಟೆ