ಆಕಳು ಒಪ್ಪಿಕೊಂಡ ಕರು

ಕಾಶಿ,

ಕಾಲೇಜಿನ ದಿನಗಳಲ್ಲಿ ಸ್ಟೇಷನ್ ರಸ್ತೆಯ ಹಳೆ ಪುಸ್ತಕದಂಗಡಿಯಿಂದ ನಾವು ತರುತ್ತಿದ್ದ ಅಮೆರಿಕದ ಪ್ರೇಮಕಾದಂಬರಿಗಳು ನೆನಪಿವೆಯಲ್ಲ, ಮುಖಪುಟದ ಮೇಲೆ ಕುದುರೆಗಳಿರುತ್ತಿದ್ದವು? ಅಂಥದ್ದೊಂದನ್ನು ಇವತ್ತು ಮಧ್ಯಾಹ್ನ ಅತ್ತೆಗೆ ಕನ್ನಡದಲ್ಲಿ ಹೇಳುತ್ತಿದ್ದೆ. ತೊಟ್ಟಿಲಲ್ಲಿ ಮಗ ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ನೋಡುತ್ತಲೇ ನನಗೆ ಬೆಳಗಾಗುತ್ತದೆ. ಕಥೆ ಹೇಳುತ್ತಿದ್ದರೆ ಹಗಲು ಹೇಗೋ ಕಳೆಯುತ್ತದೆ.

ಪ್ರೀತಿಯ ಮಾತು ಬಂದಾಗಲೆಲ್ಲ ಅತ್ತೆ, "ಅದನ್ನ ಬಿಡ, ದನದ್ದು ಹೇಳ" ಎನ್ನುತ್ತಾರೆ. ನಾಯಕ ಹೋದರೂ ಸರಿ, ಕುದುರೆ ಬದುಕಬೇಕು ಎನ್ನುತ್ತಿದ್ದವಳು ನೀನು.

ಇವತ್ತಿನ ಭಾಗದಲ್ಲಿ ಆಕಳ ಕರು ಸತ್ತಿತು. ನಾಯಕಿ ಅದರ ತೊಗಲನ್ನು ತಾಯಿಯಿಲ್ಲದ ಇನ್ನೊಂದು ಕರುವಿಗೆ ಹೊದಿಸಿ ಆಕಳ ಮುಂದೆ ಬಿಟ್ಟಳು.

"ನಾವೂ ತೊಗಲಿಗೆ ಹುಲ್ಲು ತುಂಬಿ ಎಮ್ಮಿ ಮುಂದ ಇಡತೇವಲ್ಲ," ಎಂದು ಅತ್ತೆ ಸೊಪ್ಪು ಸೋಸುವುದನ್ನು ನಿಲ್ಲಿಸಿದರು. "ಮುಂದ? ಕುಡಿಯಾಕ ಬಿಟ್ಟಿತೇನು?"

"ಮೂಸಿ ನೋಡಿ, ಕುಡಿಯಾಕ ಬಿಟ್ಟಿತ್ರಿ."

ಅಲ್ಲೇ ಕೇಳಿಬಿಟ್ಟೆ. "ಅತ್ತಿ, ಟಿಕೋಟಾದಾಗ ಕಾಶಿ ಹಡದು ತೀರಿಕೊಂಡಳಲ್ರಿ, ಆಕಿ ಕೂಸು ಆಡಿನ ಹಾಲು ಕಾರಾಕತ್ತೈತಂತ. ನನ್ನ ಹಾಲು ಇಬ್ಬರಿಗೂ ಸಾಕಾಗತೈತಿ. ಕರಕೊಂಡು ಬರತೇನ್ರಿ."

"ಒಂದು ಕೂಸಿಗೇ ನಿನ್ನ ಕಣ್ಣು ಹಿಂಗ ಕೆಂಪಾಗ್ಯಾವ."

"ಆಗಲ್ರಿ. ತರತೇನಿ."

ಅತ್ತೆ ಮತ್ತೆ ಸೊಪ್ಪಿಗೆ ಕೈ ಹಚ್ಚಿದರು. "ನಮ್ಮ ಹುಡುಗನ ಕುಂಚಿಗಿ ಆ ಕೂಸಿಗೆ ಹೊದಿಸಿಕೊಂಡು ಬಾ. ನಾನೂ ಒಂದೀಟು ಮೂಸಿ ನೋಡತೇನಿ."

ನಾಳೆ ಬಬಲೇಶ್ವರದಿಂದ ಟಿಕೋಟಾಕ್ಕೆ ಮುಂಜಾನೆಯ ಬಸ್ಸಿಗೆ ಹೊರಡುತ್ತೇನೆ. ನಿನ್ನ ಹೆರಿಗೆಗೆ ಮುಂಚೆ ನೀನು ನನಗೆ "ಹತ್ತಿ ಬಾ" ಎಂದಿದ್ದ ಬಸ್ಸು ಅದೇ; ಆಗ ಬರಲಿಲ್ಲ.

ಕುಂಚಿಗೆಯನ್ನು ಒಗೆದಿಲ್ಲ. ಮಗನ ವಾಸನೆ ಇರಲಿ ಎಂದು ಹಾಗೇ ಮಡಚಿ ಇಟ್ಟಿದ್ದೇನೆ.