ಅಮ್ಮನಿಗೆ ಬೇರೆ ರೂಮು

ಜುಲೈ 12, ಶನಿವಾರ

ಹುರುಳಿಕಾಯಿ ಹೆಚ್ಚಿದ್ದಾಯಿತು. ವಾಷಿಂಗ್ ಮಷೀನ್ ಮುಗಿಯಲು ಇನ್ನೂ ಇಪ್ಪತ್ತು ನಿಮಿಷ. ಆ ಸಂದಿಯಲ್ಲಿ ಸ್ಕಾಟ್ಲೆಂಡ್ ಪ್ರವಾಸದ ಲೆಕ್ಕ.

ಆಗಸ್ಟ್ 16ಕ್ಕೆ ಲಂಡನ್ ಪಕ್ಕದ ನಮ್ಮ ಕ್ರೋಯ್ಡನ್ ಬಿಡುವುದು. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಡ್ರೈವಿಂಗ್ ಇಲ್ಲ — ಅಮ್ಮನಿಗೆ ಎಪ್ಪತ್ತಾರು. ರಾತ್ರಿ ತಂಗುವುದು ಡರ್ಬಿ, ಕೆಂಡಲ್, ಓಬನ್. ಕೆಂಡಲ್‌ನಲ್ಲಿ ನಡೆಯಲು ಸ್ಯಾಂಡಲ್. ಡರ್ಬಿಗೆ ಪ್ರಾಸ ಸಿಗಲಿಲ್ಲ. ಊರನ್ನೇ ಬದಲಾಯಿಸೋಣವೆಂದರೆ ತಿರುಮಲೇಶ ಒಪ್ಪಲಿಲ್ಲ. ಗಂಡನಿಗೆ ಛಂದಸ್ಸಿನ ಗಂಧವಿಲ್ಲ.

ಎಲ್ಲ ಕಡೆ ಎರಡು ರೂಮು. ನಮ್ಮಿಬ್ಬರಿಗೂ ಮಗಳು ಧೃತಿಗೂ ಒಂದು. ಅಮ್ಮನಿಗೆ ಅವಳದೇ ಒಂದು — ಬಾತ್‌ರೂಮಿನಲ್ಲಿ ಹಿಡಿಕೆ, ಕಾಲೆತ್ತದೆ ಒಳಗೆ ಹೋಗುವ ಶವರ್. ಫೋಟೋ ತೋರಿಸಿದೆ. "ಚೆನ್ನಾಗಿದೆ" ಎಂದಳು. ಎರಡು ಸಲ.

ಜುಲೈ 13

ಬೆಳಿಗ್ಗೆಯಿಂದ ಹಳೆಯ ಪ್ರವಾಸಗಳದೇ ನೆನಪು. ಅಪ್ಪ ಮೇಷ್ಟ್ರು, ಲಾಡ್ಜ್ ಅಂದರೆ ಅವರಿಗೆ ಆಗದು. ಏಪ್ರಿಲ್ ಬಂತೆಂದರೆ ದಾರಿಯುದ್ದದ ಮೇಷ್ಟ್ರುಗಳಿಗೆಲ್ಲ ಕಾರ್ಡ್ ಬರೆಯುತ್ತಿದ್ದರು. ರಜೆಯಲ್ಲಿ ಖಾಲಿ ಬಿದ್ದ ಶಾಲೆಯ ಒಂದು ಕೋಣೆ ನಮಗೆ. ಹಿರಿಯೂರಿನಲ್ಲಿ ಏಳನೇ 'ಬಿ', ಹೊಸಪೇಟೆಯಲ್ಲಿ ನಾಲ್ಕನೇ 'ಎ'. ಬೆಂಚು ಗೋಡೆಗೆ ತಳ್ಳಿ, ಜಮಖಾನ ಹಾಸಿ, ಸಾಲಾಗಿ ಎಂಟು ಜನ. ಸೀಮೆಸುಣ್ಣದ ವಾಸನೆ. ಚಿಕ್ಕಪ್ಪನ ಗೊರಕೆ. ಬೋರ್ಡಿನ ಮೇಲೆ ನಾನು ಬರೆದಿದ್ದು — "ಚಿಕ್ಕಪ್ಪನ ಗೊರಕೆ, ಹೆಂಚೆಲ್ಲ ಹರಕೆ." ಹೆಂಚು ಹರಿಯುವುದಿಲ್ಲ, ಹರಕೆ ಎಂದರೆ ದೇವರಿಗೆ ಹೊರುವುದು ಎಂದು ಅಪ್ಪ ತಿದ್ದಿದರು.

ಜುಲೈ 19

ಊಟದ ಹೊತ್ತಿಗೆ ಅಮ್ಮ ಬಾಂಬು ಹಾಕಿದಳು.

"ನೀವು ಮೂರು ಜನ ಹೋಗ್ಬನ್ನಿ ಕಣೆ. ನಂಗೆ ಮಂಡಿ ಹಿಡ್ಕೊಂಡಿದೆ. ಟೂಟಿಂಗ್‌ನಲ್ಲಿ ನಿನ್ನ ಫ್ರೆಂಡು ಬೃಂದಾ ಇದಾಳಲ್ಲ, ಅವಳ ಮನೇಲಿರ್ತೀನಿ."

ತಿರುಮಲೇಶ ಜಿಪಿ ಡಾಕ್ಟರ ಅಪಾಯಿಂಟ್‌ಮೆಂಟ್ ತಗೊಳ್ಳೋಣ ಅಂದರು. ಬೇಡವಂತೆ.

ಆಗಸ್ಟ್ 30ಕ್ಕೆ ಊರಿಗೆ ಅವಳ ಫ್ಲೈಟ್. ಅಪ್ಪ ಹೋದ ಮೇಲೆ ಇದೇ ಮೊದಲು ಬಂದಿರುವುದು. ಇನ್ನೊಮ್ಮೆ ಬರುವುದಿಲ್ಲ ಎಂದು ಇಳಿದ ದಿನವೇ ಹೇಳಿದ್ದಾಳೆ. ಅಮ್ಮನ ಜೊತೆ ಇನ್ನೊಂದು ಪ್ರಯಾಣ ಅಂತಿದ್ದರೆ ಇದೇ. ಇದು ತಪ್ಪಿದರೆ…

ಜುಲೈ 27

ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ ಧೃತಿ ಹೇಳಿದಳು, "ಅಜ್ಜಿ ಮಂಡಿ ಈಸ್ ಫೈನ್, ಅಮ್ಮಾ. ಲಿಫ್ಟ್ ಕೆಟ್ಟಾಗ ಶೀ ಡಿಡ್ ದ ಸ್ಟೇರ್ಸ್ ಟ್ವೈಸ್. ಆ ಬೇರೆ ರೂಮ್… ಶೀ ಹೇಟ್ಸ್ ಇಟ್."

ಎಣ್ಣೆ ಕೈಯಲ್ಲೇ ಅಡುಗೆಮನೆಗೆ ಹೋದೆ.

"ಬೇರೆ ರೂಮು ಬೇಡ ಅಂತ ಹೇಳ್ಬಾರ್ದೇನಮ್ಮಾ?"

"ನೀನು ಅಷ್ಟು ಆಸೆಯಿಂದ ಫೋಟೋ ತೋರಿಸ್ದೆ. ಏನಂತ ಹೇಳ್ಲಿ?" ಕೊತ್ತಂಬರಿ ಬಿಡಿಸುತ್ತಲೇ ಇದ್ದಳು. "ಮೂರು ಊರು, ಮೂರು ರಾತ್ರಿ, ನಂಗೊಬ್ಬಳಿಗೇ ಬೇರೆ ಕೋಣೆ. ಈ ವಯಸ್ಸಲ್ಲಿ ಮತ್ತೆ ಹೊರಗೆ ಕೂರಿಸ್ತೀಯೇನೇ? ಆಗ ಚಾಪೆ ಕೊಡ್ತಿದ್ರು, ಈಗ ಶವರ್ ಕೊಡ್ತಿದೀಯ."

ನಗು ಬಂತು. ಅಳುವೂ. ಮರ್ಯಾದೆ ಎಂದುಕೊಂಡು ಮಾಡಿದ್ದು ಮಡಿ-ಮೈಲಿಗೆಯಾಗಿತ್ತು.

"ಧೃತಿ ನಿನ್ ಜೊತೆ ಮಲಗ್ಲಿ, ಬಿಡು."

"ಇಬ್ಬಿಬ್ಬರನ್ನ ಪಾಲು ಮಾಡ್ಬೇಡ. ಎಲ್ಲರೂ ಒಂದೇ ಕಡೆ ಮಲಗಿದ್ರೆ ಅದು ಪ್ರವಾಸ. ಇಲ್ದಿದ್ರೆ ಬರೀ ಡ್ರೈವಿಂಗು."

ಆಗಸ್ಟ್ 3

ಮೂರೂ ಹೋಟೆಲ್ ಕ್ಯಾನ್ಸಲ್. ಒಂದು ರೂಮಿನಲ್ಲಿ ಮೂವರು ದೊಡ್ಡವರು ಎಂದರೆ ಯಾರೂ ಕೊಡುವುದಿಲ್ಲ. ವಾರವಿಡೀ ಹುಡುಕಿದ ಮೇಲೆ ಹಾಸ್ಟೆಲ್‌ಗಳು ಸಿಕ್ಕವು — ಒಂದೇ ಕೋಣೆ, ನಾಲ್ಕು ಹಾಸಿಗೆ, ಬಂಕ್ ಬೆಡ್. ಶವರ್ ಕಾರಿಡಾರಿನಾಚೆ. ತಿರುಮಲೇಶನಿಗೆ ಮೇಲಿನ ಮಂಚ ಎಂದು ಇನ್ನೂ ಹೇಳಿಲ್ಲ.

"ಮಂಡಿ?" ಎಂದು ಕೇಳಿದೆ.

"ಯಾವ ಮಂಡಿ?" ಎಂದಳು ಅಮ್ಮ. ಚಕ್ಕುಲಿ ಒತ್ತುತ್ತಿದ್ದಳು.

ಆಗಸ್ಟ್ 16, ಡರ್ಬಿ. ಸಂಜೆ 8

ತಲುಪಿದೆವು. ಹೊರಗೆ ಇನ್ನೂ ಬೆಳಕು. ಧೃತಿ ಮೇಲಿನ ಮಂಚದಲ್ಲಿ ಫೋನ್ ಹಿಡಿದು ಬಿದ್ದಿದ್ದಾಳೆ. ತಿರುಮಲೇಶ ಸ್ನಾನಕ್ಕೆ ಹೋಗಿದ್ದಾರೆ.

ಅಮ್ಮ ಬಾಗಿಲ ಪಕ್ಕದ ಕೆಳಗಿನ ಮಂಚ ಹಿಡಿದಳು. ಕಾರಿಡಾರಿನ ಗಾಳಿ ನೇರ ಬಡಿಯುವ ಜಾಗ. ಕಿಟಕಿ ಕಡೆ ಬೆಚ್ಚಗಿದೆ, ಅಲ್ಲಿ ಮಲಗು ಎಂದೆ.

"ಅಲ್ಲಿ ನೀನು ಮಲ್ಕೋ. ಬಾಗ್ಲ ಹತ್ರ ಮನೆಗೆ ದೊಡ್ಡೋರು ಮಲಗ್ಬೇಕು. ನಿಮ್ಮಪ್ಪ ಒಂದಿನಾನೂ ಬೇರೆ ಯಾರಿಗೂ ಬಿಡ್ಲಿಲ್ಲ. ಈಗ ದೊಡ್ಡೋಳು ನಾನು ತಾನೇ?"

ಬೇರೆ ರೂಮು ಬೇಡವೆಂದದ್ದು ದೂರವಿಟ್ಟೆವೆಂಬ ಬೇಸರಕ್ಕಷ್ಟೇ ಎಂದುಕೊಂಡಿದ್ದೆ ನಾನು. ಪೆದ್ದಿ.

"ಅಳಿಯಂದ್ರು ಇನ್ನೂ ಬರ್ಲಿಲ್ವಲ್ಲೇ?"

"ಬರ್ತಾರಮ್ಮ. ನೀನು ಮಲ್ಕೋ."

"ಎಲ್ಲರೂ ಒಳಗೆ ಬಂದ್ಮೇಲೆ."

ಕಾಲು ಕೆಳಗೆ ಬಿಟ್ಟು ಕೂತಿದ್ದಾಳೆ, ಬೆನ್ನು ನೆಟ್ಟಗೆ, ಕಣ್ಣು ಬಾಗಿಲ ಮೇಲೆ. ಕಾರಿಡಾರಿನಲ್ಲಿ ಚಪ್ಪಲಿ ಸದ್ದು. ಅಮ್ಮ ಎದ್ದು ಅಳಿಯನನ್ನು ಒಳಗೆ ಬಿಟ್ಟುಕೊಂಡು, ತಾನೇ ಚಿಲಕ ಹಾಕಿ, ಆಮೇಲೆ ಕಾಲು ಮೇಲೆತ್ತಿ ಮಲಗಿದಳು.