ಹದಿನಾಲ್ಕನೆಯ ಸೀನು

ಮಂಗಳವಾರ. ಮಗಳು ಹುಟ್ಟಿ ಒಂಬತ್ತು ದಿನ, ಇನ್ನೂ ಆಸ್ಪತ್ರೆಯಲ್ಲೇ ಇದ್ದೇವೆ.

ಅತ್ತಿಗೆಯ ಮಾತು ಇನ್ನೂ ಕಿವಿಯಲ್ಲಿ ಕೊರೆಯುತ್ತಿದೆ. "ಬಸುರಿಯಾಗಿದ್ದಾಗಲೂ ಮಾತ್ರೆ ನುಂಗಿದೋಳು ನೀನು. ಮಗೂನ ನನಗೆ ಕೊಟ್ಟುಬಿಡು."

ನುಂಗಿದ್ದು ನಿಜ. ಹೊಲಿಗೆ ಮಷಿನ್ ಮುಂದೆ ಕೂತು ಬಂದ ಬೆನ್ನುನೋವಿಗೆ ಶುರುಮಾಡಿದ್ದು, ಬಿಡಲಾಗದ ಚಟವಾಯಿತು. ಹೊಟ್ಟೆಯಲ್ಲಿದ್ದಾಗಲೇ ಅದಕ್ಕೆ ಒಗ್ಗಿಹೋದ ಮಗಳು ಈಗ ಅದು ಸಿಗದೆ ನಡುಗುತ್ತಾಳೆ, ಮೇಲಿಂದ ಮೇಲೆ ಸೀನುತ್ತಾಳೆ, ಕೀರಲು ದನಿಯಲ್ಲಿ ಅಳುತ್ತಾಳೆ, ಹಾಲು ಕಕ್ಕುತ್ತಾಳೆ. ಅದೇ ನಡುಕ ನನ್ನ ಕೈಯಲ್ಲೂ ಇದೆ.

ಮಗಳ ಪ್ರತಿ ಸೀನು, ಪ್ರತಿ ನಡುಕ ಬರೆದಿಡಲು ನರ್ಸಮ್ಮ ಒಂದು ಪಟ್ಟಿ ಕೊಟ್ಟಿದ್ದಾರೆ. ಅದನ್ನು ನೋಡಿ ಅವಳಿಗೆ ಎಷ್ಟು ಔಷಧ ಕೊಡಬೇಕೆಂದು ನಿರ್ಧರಿಸುತ್ತಾರೆ. ನಿನ್ನೆ ಅವಳು ಹನ್ನೊಂದು ಸಲ ಸೀನಿದಳು, ನಾನು ನಾಲ್ಕು ಎಂದು ಬರೆದೆ. ಅತ್ತಿಗೆ ಓದುತ್ತಾರಲ್ಲ ಎಂಬ ನಾಚಿಕೆ. ಔಷಧ ಕಡಿಮೆ ಮಾಡಿದರು. ಬೆಳಿಗ್ಗೆಯೆಲ್ಲ ಮಗಳು ಕಿರುಚಿದಳು.

ತಡೆಯಲಾರದೆ ನರ್ಸಮ್ಮನಿಗೆ ಹೇಳಿಬಿಟ್ಟೆ. ಬೈಯಲಿಲ್ಲ. ಪೆನ್ನು ನನ್ನ ಕೈಗಿಟ್ಟು, "ಈಗ ಸರಿಯಾಗಿ ಬರಿಯಮ್ಮ" ಎಂದರು.

ಸಂಜೆ ಅತ್ತಿಗೆ ಬಂದಾಗ ಪಟ್ಟಿಯನ್ನು ನಾನೇ ಅವರ ಮುಖದ ಮುಂದೆ ಹಿಡಿದೆ.

"ಇವತ್ತು ಹದಿಮೂರು ಸೀನು. ಓದ್ಕೊಳ್ಳಿ. ಎಲ್ಲಾ ನನ್ನಿಂದಾನೇ ಆಗಿದ್ದು. ಮಗೂನ ಮಾತ್ರ ಕೊಡಲ್ಲ."

ಅತ್ತಿಗೆ ಬಾಯಿ ತೆರೆದರು. ಅಷ್ಟರಲ್ಲಿ ಮಗಳು ಸೀನಿದಳು.

"ತಡೀರಿ" ಎಂದೆ, ಬರೆದುಕೊಂಡೆ. ಹದಿನಾಲ್ಕು.